ಬೀಗವಿಲ್ಲದ ವಿದ್ಯೆಗೆ ಕೀಲಿಕೈ ಮಾರುವವರು

ಅಂತರ್ಜಾಲದ ಪುಟ ಕಟ್ಟುವುದನ್ನು ಕಲಿಸುತ್ತೇವೆಂದು ಊರೂರಲ್ಲಿ ತರಬೇತಿ ಅಂಗಡಿಗಳು ಎದ್ದಿವೆ. ಗಿರಣಿ ಕೆಲಸಗಾರನ ಮಗ ಅಲ್ಲಿ ಕಾಲಿಡಬೇಕಾದರೆ ತಂದೆ ಸಾಲ ಮಾಡಬೇಕು. ಇದನ್ನು ನಾವು ಒಪ್ಪುವುದಿಲ್ಲ. ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಿನೀವಾದ ಸರ್ನ್ ಸಂಶೋಧನಾಲಯದಲ್ಲಿ ಯೋಜಿಸಿದ ಈ ಜಾಲವನ್ನು ಆ ಸಂಸ್ಥೆಯೇ 1993ರ ಏಪ್ರಿಲ್ 30ರಂದು ಬಿಡಿಕಾಸೂ ಕೇಳದೆ ಲೋಕಕ್ಕೆ ಬಿಟ್ಟುಕೊಟ್ಟಿತು.

ಕಲಿಯಲು ಬೇಕಾದುದು ಒಂದು ಹಳೆಯ ಕಂಪ್ಯೂಟರು, ಅದರಲ್ಲೇ ಬರುವ ನೋಟ್‌ಪ್ಯಾಡು, ಒಂದು ಬ್ರೌಸರು. ಕಂಟ್ರೋಲ್ ಮತ್ತು ಯು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಕಂಡವರ ಪುಟದ ನೇಯ್ಗೆಯೂ ಕಾಣುತ್ತದೆ. ಎಚ್‌ಟಿಎಂಎಲ್‌ನ ಇಪ್ಪತ್ತು ಮೂವತ್ತು ಗುರುತುಗಳು ಕೈಗೆ ಹತ್ತಿದರೆ ಕಿರಾಣಿ ಅಂಗಡಿಯವನು ಅಕ್ಕಿಬೇಳೆಯ ದರಪಟ್ಟಿಯನ್ನು ಕನ್ನಡದಲ್ಲೇ ಪುಟ ಮಾಡಬಹುದು. ಗುರುತು ಇಂಗ್ಲಿಷು, ಒಳಗಿನ ಮಾತು ನಮ್ಮದು. ಅಂದಚೆಂದಕ್ಕೆ ಸಿಎಸ್‌ಎಸ್ ಇದೆ. ನಿಜವಾದ ಕಷ್ಟ ಜಾವಾಸ್ಕ್ರಿಪ್ಟಿನದು. ಅಲ್ಲಿ ಒಂದು ಆವರಣ ಚಿಹ್ನೆ ಬಿಟ್ಟುಹೋದರೆ ಇಡೀ ಬರೆಹವೇ ಮುಷ್ಕರ ಹೂಡುತ್ತದೆ! ತಿಂಗಳುಗಟ್ಟಲೆ ದಿನವೂ ಒಂದು ಗಂಟೆ ಕೂರಬೇಕು.

ಆ ಒಂದು ಗಂಟೆ, ಆ ಯಂತ್ರ, ಇವೆರಡೇ ನಮ್ಮವರಿಗಿರುವ ಕೊರತೆ. ಪಾಳಿ ಮುಗಿಸಿ ಬರುವಷ್ಟರಲ್ಲಿ ಗ್ರಂಥಾಲಯದ ಬಾಗಿಲು ಮುಚ್ಚಿರುತ್ತದೆ. ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ಊರು ತೆರುತ್ತಲೇ ಇದೆ. ಆ ಹಣದಲ್ಲಿ ನಾಲ್ಕು ಕಂಪ್ಯೂಟರುಗಳನ್ನಿಟ್ಟು ರಾತ್ರಿ ಹತ್ತರವರೆಗೆ ಬಾಗಿಲು ತೆರೆದಿಡಬೇಕೆಂದು ನಾವು ಒತ್ತಾಯಿಸುತ್ತೇವೆ.