ಕಾಲಿಗೆ ಕೆಲಸವಿಲ್ಲದ ಕಾಲ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದರ ಕುಲುಮೆ ಉರಿದದ್ದು ಮಲೆನಾಡಿನ ಕಾಡಿನ ಇದ್ದಲಿನಿಂದ. ಮರ ಕಡಿದವರು, ಇದ್ದಲು ಸುಟ್ಟವರು, ಅದಿರು ಹೊತ್ತವರು ಎಲ್ಲರೂ ಮೈಮುರಿದು ದುಡಿದರು. ಆ ದುಡಿಮೆಯನ್ನು ಇಂದು ಆರೋಗ್ಯದ ಹೆಸರಿನಲ್ಲಿ ಹಾಡಿ ಹೊಗಳುವುದು ಸಲ್ಲದು. ಬಿಸಿ, ಧೂಳು, ಮಿತಿಮೀರಿದ ಭಾರಗಳು ದೇಹವನ್ನು ಸವೆಸುತ್ತವೆ. ಆದರೆ ಆ ಭಾರ ಇಳಿಯುವುದರ ಜೊತೆಗೆ ನಡಿಗೆಯೂ ಬದುಕಿನಿಂದ ಜಾರಿಹೋದದ್ದನ್ನು ಹೆಚ್ಚಿನವರು ಗಮನಿಸಲಿಲ್ಲ.

ಅಡಿಕೆ ತೋಟಕ್ಕೆ ಕಳೆ ಕೊಚ್ಚುವ ಯಂತ್ರ ಬಂದಿದೆ. ಕೊನೆ ಇಳಿಸಲು ದೋಟಿ, ಸುಲಿಯಲು ಮತ್ತೊಂದು ಯಂತ್ರ. ಬೆಟ್ಟದಿಂದ ಸೊಪ್ಪಿನ ಹೊರೆ ತರುವವರು ವಿರಳ. ತೋಟದ ಅಂಚಿನವರೆಗೂ ಬೈಕು ಹೋಗುತ್ತದೆ. ಇದರಿಂದ ಎಷ್ಟೋ ಜನರ ಸೊಂಟ ಉಳಿಯಿತು, ಒಳ್ಳೆಯದೇ. ಆದರೆ ಗದ್ದೆ ಹೂಡುವ ದಿನಗಳ ಅನ್ನದ ಅಳತೆ ತಟ್ಟೆಯಲ್ಲಿ ಹಾಗೆಯೇ ಉಳಿದಿದೆ.

ಈ ಲೆಕ್ಕ ತಪ್ಪುವುದು ಹೊಸದಲ್ಲ. ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ ಜನರನ್ನು ಕುರಿತು ಪೋಷಣಾ ವಿಜ್ಞಾನಿ ಜೀನ್ ಮೇಯರ್ ಮತ್ತು ಸಂಗಡಿಗರು 1956ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ದುಡಿಯುವವರಲ್ಲಿ ಶ್ರಮ ಹೆಚ್ಚಿದಂತೆ ಊಟವೂ ಹೆಚ್ಚಿತ್ತು. ಆದರೆ ದಿನವಿಡೀ ಕುಳಿತಿರುವವರು ಹಗುರ ಕೆಲಸದವರಿಗಿಂತ ಹೆಚ್ಚು ಉಣ್ಣುತ್ತಿದ್ದರು. ತೂಕವೂ ಅವರದೇ ಹೆಚ್ಚು. ದೇಹ ಅಲುಗಾಡದಿದ್ದರೆ ಹಸಿವಿನ ಅಂದಾಜೇ ಕೆಡುತ್ತದೆಂದು ಮೇಯರ್ ಭಾವಿಸಿದರು. ಅದಕ್ಕೂ ಮೊದಲು, 1953ರಲ್ಲಿ, ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್ ಬಸ್ಸಿನ ಚಾಲಕರನ್ನೂ ಕಂಡಕ್ಟರುಗಳನ್ನೂ ಹೋಲಿಸಿದ್ದರು. ಎರಡಂತಸ್ತಿನ ಬಸ್ಸಿನಲ್ಲಿ ಹತ್ತಿ ಇಳಿಯುತ್ತಿದ್ದ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆಯಿತ್ತು. ಒಂದೇ ಬಸ್ಸು, ಒಂದೇ ದಾರಿ. ಒಬ್ಬನು ಕುಳಿತಿದ್ದ, ಇನ್ನೊಬ್ಬನು ನಡೆಯುತ್ತಿದ್ದ.

ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಇನ್ಸುಲಿನ್ನಿನ ನೆರವನ್ನು ಹೆಚ್ಚು ಕಾಯದೆ ಹೀರಿಕೊಳ್ಳುತ್ತವೆ. ಈ ಗುಣ ಒಂದೆರಡು ದಿನಗಳಲ್ಲಿ ಇಳಿದುಹೋಗುವುದರಿಂದ ಭಾನುವಾರದ ಒಂದು ಚಾರಣ ವಾರಕ್ಕೆ ಸಾಲದು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ದೇಶದಲ್ಲಿ 10 ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿದೆ.

ಇಷ್ಟು ತಿಳಿದ ಮೇಲೂ, ನಡೆಯದವನು ಸೋಮಾರಿ ಎಂದು ಉಪದೇಶಿಸುವುದು ಸುಲಭದ ಮಾತು. ನಡೆಯಬೇಕಾದದ್ದು ಎಲ್ಲಿ? ಶಿವಮೊಗ್ಗದ ಗಾಂಧಿಬಜಾರಿನಲ್ಲಿ ಪಾದಚಾರಿಯು ವಾಹನಗಳ ಸಂದಿನಲ್ಲಿ ದಾರಿ ಹುಡುಕಿಕೊಳ್ಳಬೇಕು. ಭದ್ರಾವತಿಯಲ್ಲಿ ಕಾರ್ಖಾನೆಗಳ ಕಾಲದ ಬಡಾವಣೆಗಳಲ್ಲಿ ನೆರಳಿನ ಮರಗಳೂ ವಿಶಾಲ ಬೀದಿಗಳೂ ಇವೆ. ಕಾಗದ ಕಾರ್ಖಾನೆಯ ಯಂತ್ರಗಳು ನಿಂತ ಬಳಿಕ ಆ ನೆಲದ ಭವಿಷ್ಯವನ್ನು ನಿರ್ಧರಿಸುವವರು ಮರಗಳ ಜೊತೆಗೆ ನಡೆಯುವವರನ್ನೂ ಎಣಿಸಲಿ.

ಹಳ್ಳಿಗಳ ಸ್ಥಿತಿ ಬೇರೆ. ಅಲ್ಲಿ ಕಾಲುದಾರಿಗಳು ಬೇಲಿಯೊಳಗೆ ಸೇರುತ್ತಿವೆ. ಹಳ್ಳಕ್ಕೆ ಭದ್ರವಾದ ಕಾಲುಸಂಕವಿಲ್ಲದ ಕಡೆ ಮಳೆಗಾಲದಲ್ಲಿ ಮಕ್ಕಳನ್ನು ನಡೆಸಿ ಶಾಲೆಗೆ ಕಳುಹಿಸಲು ತಾಯಂದಿರಿಗೆ ಧೈರ್ಯ ಬರುವುದಿಲ್ಲ, ವ್ಯಾನು ಅನಿವಾರ್ಯವಾಗುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆಯ ಡಾಂಬರಿಗಿಂತ ಮೊದಲು ಕಾಲುಸಂಕದ ಹೆಸರು ಬರೆಸಬೇಕು. ವಿದ್ಯಾರ್ಥಿಗಳು ತಮ್ಮ ಊರಿನ ಹಳೆಯ ಕಾಲುದಾರಿಗಳನ್ನು ಹಿರಿಯರಿಂದ ಕೇಳಿ ನಕ್ಷೆ ಮಾಡಿಟ್ಟರೆ ಆ ಬೇಡಿಕೆಗೆ ಆಧಾರವೂ ಸಿಗುತ್ತದೆ.