ಸೈಕಲ್ಲಿನ ಬೆನ್ನಿಗೊಂದು ಕೆಂಪು ದೀಪ

ಕತ್ತಲಾದ ಮೇಲೆ ಸೈಕಲ್ ತುಳಿಯುವವರಲ್ಲಿ, ಅವರ ಮನೆಮಂದಿಯಲ್ಲಿ, ಅವರಿಗೆ ಕೆಲಸ ಕೊಟ್ಟವರಲ್ಲಿ ಒಂದು ಕೋರಿಕೆ. ಸೈಕಲ್ಲಿನ ಹಿಂಬದಿಗೆ ಚೆನ್ನಾಗಿ ಉರಿಯುವ ಒಂದು ಕೆಂಪು ದೀಪ ಹಾಕಿಸಿ. ರಿಫ್ಲೆಕ್ಟರ್ ಇದ್ದರೂ ಹಾಕಿಸಿ.

‘ದಿನಾ ಓಡಾಡೋ ದಾರಿ, ಕಣ್ಣು ಕಟ್ಟಿದರೂ ಹೋಗ್ತೀನಿ, ನನಗ್ಯಾಕೆ ಲೈಟು?’ ಎನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ದಾರಿ ನಿಮಗೆ ಕಾಣುತ್ತದೆ, ಒಪ್ಪಿದೆ. ಹಿಂದಿನಿಂದ ಬರುವ ಟಿಪ್ಪರಿನವನಿಗೆ ನೀವು ಕಾಣಬೇಕಲ್ಲ? ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಬಂದಿರುತ್ತದೆ. ಚಾಲಕ ನಿಮ್ಮನ್ನು ಕಂಡು, ಅದು ಸೈಕಲ್ ಎಂದು ಹೊಳೆದು, ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ 25 ಮೀಟರ್ ಮುಗಿದಿರುತ್ತದೆ. ಗಾಡಿ ನಿಲ್ಲಲು ಒಣ ರಸ್ತೆಯಲ್ಲೇ ಇನ್ನೂ ಇಪ್ಪತ್ತು ಮೀಟರಾದರೂ ಬೇಕು. ಡಿಮ್ ಹಾಕಿಕೊಂಡು ಬರುವವನಿಗೆ ಕಪ್ಪು ಸ್ವೆಟರ್ ತೊಟ್ಟ ಮನುಷ್ಯ ಅಷ್ಟು ದೂರದಿಂದ ಕಾಣುವುದು ಕಷ್ಟ. ಎದುರಿನಿಂದ ಬಸ್ಸೊಂದು ಹೈಬೀಮ್ ಹಾಕಿಕೊಂಡು ಬಂದರಂತೂ ಮುಗಿಯಿತು, ಅವನ ಕಣ್ಣಿಗೆ ರಸ್ತೆಯ ಅಂಚೇ ಇರುವುದಿಲ್ಲ. ಅದೇ ಒಂದು ಸಾಧಾರಣ ಎಲ್‌ಇಡಿ ದೀಪ ಇದ್ದರೆ ನೇರ ರಸ್ತೆಯಲ್ಲಿ ನೂರಾರು ಮೀಟರ್ ಮೊದಲೇ ‘ಮುಂದೆ ಯಾರೋ ಇದ್ದಾರೆ’ ಎಂದು ಗೊತ್ತಾಗುತ್ತದೆ.

ರಿಫ್ಲೆಕ್ಟರ್‌ಗೆ ತನ್ನದೇ ಬೆಳಕಿಲ್ಲ. ಹೆಡ್‌ಲೈಟ್ ನೇರವಾಗಿ ಅದರ ಮೇಲೆ ಬಿದ್ದರೆ ಮಾತ್ರ ಹೊಳೆಯುತ್ತದೆ. ನಮ್ಮ ಸೈಕಲ್ಲುಗಳ ಹಿಂದಿನ ಮಡ್‌ಗಾರ್ಡನ್ನು ಒಮ್ಮೆ ಬಗ್ಗಿ ನೋಡಿ: ಗೋಡೆಗೆ ಒರಗಿಸಿ ಒರಗಿಸಿ ಆ ಕೆಂಪು ಬಿಲ್ಲೆ ಆಕಾಶ ನೋಡುತ್ತಿರುತ್ತದೆ, ಇಲ್ಲವೇ ಅರ್ಧ ಒಡೆದಿರುತ್ತದೆ, ಉಳಿದರ್ಧಕ್ಕೆ ಹೋದ ಮಳೆಗಾಲದ ಕೆಸರು. ಅದನ್ನು ಒರೆಸಿ ನೆಟ್ಟಗೆ ಮಾಡಿ, ಅದೂ ಇರಲಿ. ದೀಪದ ಬದಲಿಗೆ ಅದು ಸಾಲದು.

ಹಿಂದೆ ಡೈನಮೋ ಇತ್ತು. ದೀಪವಿಲ್ಲದ ಸೈಕಲ್ ಸಿಕ್ಕರೆ ಪೊಲೀಸರು ಹಿಡಿದು ಟೈರಿನ ಗಾಳಿ ಬಿಡುತ್ತಿದ್ದರೆಂದು ಹಿರಿಯರು ಈಗಲೂ ನಗುತ್ತಾ ಹೇಳುತ್ತಾರೆ. ಟೈರಿಗೆ ಉಜ್ಜುವ ಆ ಡೈನಮೋದ ಕೊರತೆ ತುಳಿದವರಿಗೇ ಗೊತ್ತು. ಏರು ಬಂದರೆ ದೀಪ ಮಂಕು, ಕಾಲೂರಿ ನಿಂತರೆ ಪೂರ್ತಿ ಕತ್ತಲು. ಅಂದರೆ ತಿರುವಿನಲ್ಲಿ, ಕ್ರಾಸಿನಲ್ಲಿ, ಬೇಕಾದ ಜಾಗದಲ್ಲೇ ಕೈಕೊಡುತ್ತಿತ್ತು. ಈಗಿನ ಬ್ಯಾಟರಿ ದೀಪಕ್ಕೆ ಆ ಗೋಳಿಲ್ಲ. ಮೊಬೈಲ್ ಚಾರ್ಜರಿಗೇ ಚುಚ್ಚುವಂಥದ್ದು ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಡೆನ್ಮಾರ್ಕಿನ ಒಡೆನ್ಸೆ ನಗರದಲ್ಲಿ 2004–05ರಲ್ಲಿ, ದೀಪದಿಂದ ಅಪಘಾತ ತಗ್ಗುತ್ತದೆಯೇ ಎಂದು ಪರೀಕ್ಷಿಸಿಯೇ ನೋಡಿದರು. ಸುಮಾರು ನಾಲ್ಕು ಸಾವಿರ ಸವಾರರನ್ನು ಆರಿಸಿ, ಹಲವರ ಸೈಕಲ್ಲಿಗೆ ಹಗಲೂ ರಾತ್ರಿ ತಾನಾಗಿ ಉರಿಯುವ ದೀಪ ಹಾಕಿದರು, ಉಳಿದವರಿಗೆ ಹಾಕಲಿಲ್ಲ. ವರ್ಷದ ಕೊನೆಗೆ ಲೆಕ್ಕ ಹಾಕಿದಾಗ, ದೀಪವಿದ್ದವರಲ್ಲಿ ಅಪಘಾತವಾಗಿ ಗಾಯಗೊಳ್ಳುವ ಪ್ರಮಾಣ ಶೇ. 19ರಷ್ಟು ಕಡಿಮೆ ಇತ್ತು. ಅಚ್ಚುಕಟ್ಟಾದ ಸೈಕಲ್ ಪಥಗಳಿರುವ ದೇಶದ ಮಾತು ಇದು. ಬೀದಿದೀಪ ಕಂಬದಲ್ಲಷ್ಟೇ ಇರುವ ನಮ್ಮ ರಸ್ತೆಗಳ ಪಾಡನ್ನು ನೀವೇ ಊಹಿಸಿ.

ಲಖನೌದಲ್ಲಿ 2020ರ ಚಳಿಗಾಲದಲ್ಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದ ತಾತನನ್ನು ಕಾರು ಡಿಕ್ಕಿಗೆ ಕಳೆದುಕೊಂಡ ಖುಷಿ ಪಾಂಡೆ ಎಂಬ ಯುವತಿ, ಆಮೇಲೆ ರಸ್ತೆ ಬದಿ ಫಲಕ ಹಿಡಿದು ನಿಂತು, ಹೋಗುವವರ ಸೈಕಲ್ ನಿಲ್ಲಿಸಿ ಪುಕ್ಕಟೆಯಾಗಿ ಕೆಂಪು ದೀಪ ಕಟ್ಟತೊಡಗಿದರು. ತಾತನ ಸೈಕಲ್ಲಿಗೆ ದೀಪ ಇರಲಿಲ್ಲ.

ದೀಪ ಕೊಂಡರಷ್ಟೇ ಆಗಲಿಲ್ಲ, ಕೂರಿಸುವ ಜಾಗ ನೋಡಬೇಕು. ಸೀಟಿನ ಕೆಳಗಿನ ಕಂಬಿಗೆ ಕಟ್ಟಿದರೆ ನೋಡಲು ಚೆಂದ, ಆದರೆ ಕ್ಯಾರಿಯರ್ ಮೇಲೆ ಹಾಲಿನ ಕ್ಯಾನೋ ಹುಲ್ಲಿನ ಹೊರೆಯೋ ಬಂದರೆ ದೀಪ ಅದರ ಹಿಂದೆ ಅಡಗುತ್ತದೆ. ಹೊರೆ ಹೇರುವವರು ಕ್ಯಾರಿಯರಿನ ತುದಿಗೇ ಬಿಗಿಸಿ. ರೇನ್‌ಕೋಟಿನ ತುದಿ, ಇಳಿಬಿದ್ದ ಸ್ಕೂಲ್ ಬ್ಯಾಗು ಇವೂ ಮುಚ್ಚಿಬಿಡುತ್ತವೆ. ದೀಪ ನೆಲವನ್ನೂ ನೋಡಬಾರದು, ಮೇಲಕ್ಕೂ ನೋಡಬಾರದು. ತೀರಾ ಪ್ರಖರವಾದದ್ದನ್ನು ಹಿಂದಿನವರ ಕಣ್ಣಿಗೆ ಹೊಡೆಯುವಂತೆ ತಿರುಗಿಸುವುದೂ ಬೇಡ. ಮಿನುಗುವ ದೀಪ ಬೇಗ ಗಮನಕ್ಕೆ ಬರುತ್ತದೆ, ಆದರೆ ಬರಿಯ ಮಿನುಗಿನಿಂದ ದೂರ ಅಳೆಯುವುದು ಕಷ್ಟ. ಕತ್ತಲ ರಸ್ತೆಯಲ್ಲಿ ಒಂದೇ ಸಮ ಉರಿಯುವುದೇ ಮೇಲು ಎಂದು ನನ್ನ ಅಭಿಪ್ರಾಯ; ಜರ್ಮನಿಯಲ್ಲಂತೂ ಸೈಕಲ್ಲಿಗೆ ಮಿನುಗುವ ದೀಪ ನಿಷಿದ್ಧ. ಪುಟ್ಟ ಸೆಲ್ ಹಾಕುವ ದೀಪವಾದರೆ ಒಳಗಿನ ಸ್ಪ್ರಿಂಗು ಹಸಿರುಗಟ್ಟಿದೆಯೇ ನೋಡಿ, ಮಳೆ ನೀರು ಹೊಕ್ಕರೆ ಹಾಗಾಗುತ್ತದೆ. ಎಲ್ಲ ಆದ ಮೇಲೆ ಇನ್ನೊಬ್ಬರ ಕೈಗೆ ಸೈಕಲ್ ಕೊಟ್ಟು ನೂರು ಹೆಜ್ಜೆ ಹಿಂದೆ ನಡೆದು, ಕಾರಿನ ಸೀಟಿನ ಎತ್ತರಕ್ಕೆ ಬಗ್ಗಿ ನೋಡಿ.

ಇನ್ನೊಂದು ಮಾತು, ಹೇಳದಿದ್ದರೆ ಈ ಮನವಿ ಅರ್ಧವೇ. ಹುಮ್ಮಸ್ಸಿಗೆಂದು ಹತ್ತಾರು ಸಾವಿರದ ಸೈಕಲ್ ತುಳಿಯುವವರ ಹತ್ತಿರ ಎರಡೆರಡು ದೀಪಗಳಿವೆ. ಇಲ್ಲದಿರುವುದು ನಸುಕಿನಲ್ಲಿ ಪೇಪರ್ ಹಾಕುವ ಹುಡುಗನಿಗೆ, ಡೇರಿಗೆ ಹಾಲು ಒಯ್ಯುವವರಿಗೆ, ರಾತ್ರಿ ಪಾಳಿ ಮುಗಿಸಿ ಬರುವ ವಾಚ್‌ಮನ್‌ಗೆ. 2006–07ರಿಂದ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳಲ್ಲಿ ಎಷ್ಟೋ ಇವತ್ತು ಅವರ ಅಪ್ಪಂದಿರ ಕೈಯಲ್ಲಿ ಹೊಲಕ್ಕೂ ಪೇಟೆಗೂ ಓಡುತ್ತಿವೆ. ಧನುರ್ಮಾಸದ ಮಂಜಿನಲ್ಲಿ ಹೊರಡುವವರೂ ಇವರೇ. ಆದ್ದರಿಂದ ಪೇಪರ್ ಏಜೆಂಟರೇ, ಹಾಲಿನ ಸಂಘದ ಕಾರ್ಯದರ್ಶಿಗಳೇ, ಸೆಕ್ಯುರಿಟಿ ಏಜೆನ್ಸಿಯವರೇ, ಸಮವಸ್ತ್ರ ಕೊಡುವಾಗ ಒಂದು ದೀಪವನ್ನೂ ಕೊಡಿ, ಸಂಬಳದಲ್ಲಿ ಮುರಿದುಕೊಳ್ಳಬೇಡಿ. ಯುವಕ ಸಂಘದವರು ಗಣೇಶನ ಚಂದಾದಲ್ಲಿ ಉಳಿದ ಹಣದಿಂದ ಬೀದಿಯ ಹತ್ತು ಸೈಕಲ್ಲಿಗೆ ಹಾಕಿಸಬಹುದು. ಸೈಕಲ್ ಶಾಪಿನವರೇ, ಪಂಕ್ಚರಿಗೆ ಬಂದವರಿಗೆ ‘ಹಿಂದೆ ಲೈಟ್ ಇಲ್ವಲ್ಲ ಅಣ್ಣಾ, ಹಾಕ್ಲಾ?’ ಎಂದು ಕೇಳಿ. ಬೇಡ ಎಂದರೆ ಮುಂದಿನ ಪಂಕ್ಚರಿಗೆ ಬಂದಾಗ ಇನ್ನೊಮ್ಮೆ ಕೇಳಿ.