ಗದುಗಿನ ಕಂಬ, ಹೊಂಬಳದ ಜಗಲಿ

ಗದುಗಿನ ವೀರನಾರಾಯಣ ದೇವಾಲಯಕ್ಕೆ ಹೋದವರಿಗೆ ಅಲ್ಲಿಯ ಜನ ಒಂದು ಕಂಬವನ್ನು ತೋರಿಸುತ್ತಾರೆ. ಕೋಳಿವಾಡದ ನಾರಣಪ್ಪನು ಮಿಂದು ಒದ್ದೆ ಬಟ್ಟೆಯಲ್ಲಿ ಬಂದು, ಆ ಕಂಬಕ್ಕೊರಗಿ, ಬಟ್ಟೆ ಆರುವವರೆಗೆ ಮಾತ್ರ ಭಾರತವನ್ನು ರಚಿಸುತ್ತಿದ್ದನೆಂಬುದು ಐತಿಹ್ಯ. ದೂರದ ವೇಲ್ಸ್ ನಾಡಿನಲ್ಲಿಯೂ, ೧೪ನೆಯ ಶತಮಾನದ ದಾವಿದ್ ಆಪ್ ಗ್ವಿಲಿಮ್ ಎಂಬ ಕವಿಯ ಸಮಾಧಿ ಹಳೆಯ ಮಠವೊಂದರ ಬಳಿಯ ಮರದಡಿಯಿದೆಯೆಂದು ತೋರಿಸುತ್ತಾರಂತೆ. ಜನ ತಮ್ಮ ಕವಿಗೆ ಕಲ್ಲಿನಲ್ಲೋ ಮರದಲ್ಲೋ ಒಂದು ನೆಲೆಯನ್ನು ಹುಡುಕುತ್ತಾರೆ. ಆದರೆ ಆತನ ನಿಜವಾದ ನೆಲೆ ಕೇಳುವವರ ಕಿವಿ.

ಇದನ್ನು ನಾನು ಕಂಡದ್ದು ಗದುಗಿನ ಸಮೀಪದ ಹೊಂಬಳದಲ್ಲಿ, ನಮ್ಮ ಮನೆಯ ಜಗಲಿಯ ಮೇಲೆ. ಮಳೆ ಹಿಂದೆಗೆದ ವರ್ಷ ಅಜ್ಜ ವಿರಾಟಪರ್ವವನ್ನು ಓದುತ್ತಿದ್ದ. ಅಕ್ಷರವರಿಯದ ಅಜ್ಜಿ ಅಡುಗೆಮನೆಯಿಂದಲೇ, “ಅಲ್ಲೊಂದು ಮಾತು ಬಿಟ್ರಿ ನೋಡ್ರಿ” ಎನ್ನುತ್ತಿದ್ದಳು. ಆಕೆಗೆ ಅದು ಹೇಗೆ ತಿಳಿಯುತ್ತಿತ್ತು?

ಕುಮಾರವ್ಯಾಸನು ಆದಿಪರ್ವದಿಂದ ಗದಾಪರ್ವದವರೆಗಿನ ೧೦ ಪರ್ವಗಳನ್ನೂ ಭಾಮಿನೀ ಷಟ್ಪದಿಯೊಂದರಲ್ಲಿಯೇ ನಡೆಸಿದ್ದಾನೆ. ಮೂರು ಮಾತ್ರೆ, ನಾಲ್ಕು ಮಾತ್ರೆ; ಮತ್ತೆ ಮೂರು, ನಾಲ್ಕು: ಹೀಗೆ ನಾಲ್ಕು ಪಾದಗಳಿಗೆ ೧೪ ಮಾತ್ರೆಗಳ ನಡೆ. ಮೂರನೆಯ ಮತ್ತು ಆರನೆಯ ಪಾದಗಳು ಮಾತ್ರ ೨೩ ಮಾತ್ರೆಗಳಿಗೆ ನೀಳವಾಗಿ, ಕೊನೆಯ ಗುರುವಿನ ಮೇಲೆ ನಿಲ್ಲುತ್ತವೆ. ಒಟ್ಟು ೧೦೨ ಮಾತ್ರೆಗಳು. ಒಂದು ಮಾತು ಜಾರಿದರೆ ನಡೆ ಕುಂಟುತ್ತದೆ. ಪಳಗಿದ ಕಿವಿ ಅದನ್ನು ಒಡನೆಯೇ ಹಿಡಿಯುತ್ತದೆ. ಗಮಕಿಯು ರಸಕ್ಕೆ ತಕ್ಕ ರಾಗದಲ್ಲಿ ವಾಚಿಸಿ, ವ್ಯಾಖ್ಯಾನಕಾರನು ಅರ್ಥವನ್ನು ಬಿಡಿಸುವಾಗ, ಓದು ಬಾರದವನೂ ಕಾವ್ಯಕ್ಕೆ ಒಡೆಯನಾಗುತ್ತಾನೆ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ ೨೦೨೨ರಲ್ಲಿ ಪದ್ಮಶ್ರೀ ಸಂದದ್ದು ಈ ಕಲೆಗೇ ಸಂದ ಗೌರವ.

ನನ್ನ ಸಂಗತಿ ಬೇರೆ. ಎಂ.ಎ. ಮಾಡಿದೆ, ತರಗತಿಯಲ್ಲಿ ಇದೇ ಷಟ್ಪದಿಗೆ ಪ್ರಸ್ತಾರ ಹಾಕಿಸುತ್ತೇನೆ. ಲಘು ಗುರುಗಳ ಲೆಕ್ಕದಲ್ಲಿ ತಪ್ಪುವುದಿಲ್ಲ. ಕಳೆದ ವರ್ಷ ವಿದ್ಯಾರ್ಥಿನಿಯೊಬ್ಬಳು, “ಸರ್, ಇದನ್ನು ಓದಿ ತೋರಿಸಿ” ಎಂದಳು. ಓದಿದೆ. ಅದು ವಾರ್ತೆಯ ಓದಾಗಿತ್ತು. ಅಜ್ಜ ಇದ್ದಾಗ ಕಲಿಯಲಿಲ್ಲ. ಈಗ ಕೇಳಲು ಅಜ್ಜನಿಲ್ಲ, ತಿದ್ದಲು ಅಜ್ಜಿಯೂ ಇಲ್ಲ.

ಅಂದಿನಿಂದ ಪ್ರತಿ ಭಾನುವಾರ ಸಂಜೆ ಐದು ಪದ್ಯಗಳನ್ನು ಮನೆಯವರೆದುರು ಗಟ್ಟಿಯಾಗಿ ಓದುತ್ತಿದ್ದೇನೆ. ಮಕ್ಕಳು ಮೊದಲು ನಕ್ಕರು. ಮೊನ್ನೆ ಒಂದು ಪಾದದಲ್ಲಿ ನಾನು ಎಡವಿದಾಗ ಚಿಕ್ಕವಳು ತಲೆಯೆತ್ತಿ ನೋಡಿದಳು.

ವಾಚಕರ ಮನೆಗಳ ಕಪಾಟಿನಲ್ಲಿಯೂ ಆ ದಪ್ಪ ಗ್ರಂಥ ಇದ್ದೀತು. ಇಂದು ಅದನ್ನು ಕೆಳಗಿಳಿಸಿ, ದನಿಯೆತ್ತಿ ಒಂದು ಪದ್ಯ ಓದಬಾರದೇ?